‘ಮುಯ್ಯಿ 2, ಮೇಲಿನ ಮನೆ’: ಯಾರು ಯಾರಿಗೆ ಕೊಡಬೇಕು?

ಕೆಳಮನೆ, ಹೊಸನಗರ

ಎಲ್ಲರಿಗೂ ನಮಸ್ಕಾರ. ಒಂದು ಪದದ ವಿಷಯ ಕೇಳಬೇಕಿತ್ತು. ಗೊತ್ತಿಲ್ಲದ ಪದ ಅಲ್ಲ, ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದದ್ದು. ಈಗ ಮಾತ್ರ ಅದೇ ಪದ ನನ್ನನ್ನು ಸಿಕ್ಕಿಸಿ ಹಾಕಿದೆ.

ಅಮ್ಮ ಹೋದ ಆಷಾಢದಲ್ಲಿ ತೀರಿಕೊಂಡಳು. ಮೊನ್ನೆ ಅವಳ ಟ್ರಂಕು ತೆಗೆದಾಗ ಒಂದು ಉದ್ದ ನೋಟ್‌ಬುಕ್ ಸಿಕ್ಕಿತು. ರಟ್ಟಿನ ಮೇಲೆ ಅರಿಶಿನದ ಬೆರಳಚ್ಚು. ಒಳಗೆಲ್ಲ ಪೆನ್ಸಿಲ್ ಲೆಕ್ಕ. ಹಾಲಿನದ್ದು, ಸಂಘದ ಕಂತಿನದ್ದು, ಯಾರ ಮನೆ ಮದುವೆಗೆ ನಾವು ಎಷ್ಟು ಮುಯ್ಯಿ ಹಾಕಿದ್ದು, ಅಕ್ಕನ ಮದುವೆಗೆ ಯಾರು ಎಷ್ಟು ಹಾಕಿದ್ದು, ಎಲ್ಲ ಇದೆ. ಕೊನೆಯ ಪುಟಗಳಲ್ಲಿ ಆಳಿನ ಲೆಕ್ಕ. ಅದು ಹೀಗಿದೆ:

ಮುಯ್ಯಿ 1, ಹೊಳೆಬದಿ
ಮುಯ್ಯಿ 3, ಗುಡ್ಡದ ಮನೆ
ಮುಯ್ಯಿ 2, ಮೇಲಿನ ಮನೆ

ಹೀಗೆ ಪುಟಗಟ್ಟಲೆ. ಮುಗಿದದ್ದಕ್ಕೆಲ್ಲ ಅಡ್ಡಗೆರೆ ಎಳೆದಿದ್ದಾಳೆ. ಗೆರೆ ಬೀಳದೆ ಉಳಿದದ್ದು ಕೊನೆಯ ಸಾಲು ಒಂದೇ, ಮೇಲಿನ ಮನೆಯದ್ದು. ತಾರೀಖಿಲ್ಲ. ಏನು ಕೆಲಸ ಅಂತಲೂ ಇಲ್ಲ.

ನನ್ನ ಪ್ರಶ್ನೆ ಇಷ್ಟೇ. ಇದು ನಾವು ಅವರಿಗೆ ಕೊಡಬೇಕಾದ 2 ಆಳೋ, ಅವರಿಂದ ನಮಗೆ ಬರಬೇಕಾದ 2 ಆಳೋ? ಬೆಂಗಳೂರಲ್ಲಿ ಓದುತ್ತಿರುವ ಮಗನಿಗೆ ಫೋಟೋ ಕಳಿಸಿದೆ. ಅವನು ‘ಮುಯ್ಯಿ ಅಂದ್ರೆ ಸೇಡಲ್ವಾ ಅಮ್ಮಾ, ಅಜ್ಜಿ ಯಾರ ಮೇಲೆ ಸೇಡು ಇಟ್ಕೊಂಡಿದ್ರು?’ ಅಂದ. ಆಗ ನನಗೂ ಗೊಂದಲ ಶುರುವಾಯಿತು.

ಹೋಗಿ ಕೇಳಿದರೆ ಮುಗಿಯಿತು ಅನ್ನಬೇಡಿ. ಬೇಲಿ ವಿಷಯಕ್ಕೆ ಎರಡು ವರ್ಷದಿಂದ ಆ ಮನೆಗೂ ನಮಗೂ ಮಾತು ಕಡಿಮೆ. ಅಮ್ಮ ಮಾತ್ರ ಹೋಗಿ ಬಂದು ಮಾಡುತ್ತಿದ್ದಳು. ನಾವು ಕೊಡಬೇಕಾದ್ದು ಅಂತ ಖಾತ್ರಿಯಾದರೆ ಈಗಲೇ ಹೋಗುತ್ತೇನೆ. ಅವರೇ ಕೊಡಬೇಕಾದ್ದಾದರೆ ಹೋಗಿ ಕೇಳೋದಕ್ಕೆ ಮನಸ್ಸು ಒಪ್ಪಲ್ಲ.

ತೀರ್ಥಹಳ್ಳಿ ಮೇಷ್ಟ್ರು

ತಂಗೀ, ಅಮ್ಮನ ಸುದ್ದಿ ಓದಿ ಬೇಜಾರಾಯಿತು. ಪುಸ್ತಕವನ್ನು ಜೋಪಾನ ಮಾಡಿ. ನಾನು ಶಾಲೆ ಬಿಟ್ಟ ಮೇಲೆ ನಮ್ಮ ಕಡೆಯ ಬೇಸಾಯದ ಪದಗಳನ್ನು ಬರೆದಿಡುತ್ತಾ ಇದ್ದೇನೆ. ಅದಕ್ಕೆ ಇದನ್ನು ಎರಡು ಸಲ ಓದಿದೆ.

ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ. ನಿಘಂಟು ತೆಗೆದರೆ ಮುಯ್ಯಿ ಅನ್ನೋದಕ್ಕೆ ಉಡುಗೊರೆ ಅಂತಲೂ ಇರುತ್ತೆ, ಪ್ರತಿಫಲ ಅಂತಲೂ ಇರುತ್ತೆ, ಸೇಡು ಅಂತಲೂ ಇರುತ್ತೆ. ಪೇಪರು ಓದುವವರಿಗೆ ‘ಮುಯ್ಯಿ ತೀರಿಸಿಕೊಂಡ’ ಅನ್ನೋದೇ ಜಾಸ್ತಿ ಪರಿಚಯ. ಆದರೆ ಮೂರಕ್ಕೂ ತಳದಲ್ಲಿ ಇರೋದು ಒಂದೇ. ಬಂದದ್ದಕ್ಕೆ ಸಮನಾಗಿ ತಿರುಗಿ ಕೊಡೋದು. ಮದುವೆಗೆ ನೀವು 101 ಓದಿಸಿದಿರಿ, ನಿಮ್ಮ ಮನೆ ಮದುವೆಗೆ ನಾನು ಓದಿಸಿದೆ, ಅದು ಮುಯ್ಯಿ. ನೀವು ನನ್ನ ಗದ್ದೆ ನಾಟಿಗೆ ಬಂದಿರಿ, ನಾನು ನಿಮ್ಮದಕ್ಕೆ ಬಂದೆ, ಅದೂ ಮುಯ್ಯಿ. ನೀವು ಬೈದಿರಿ, ನಾನು ಬೈದೆ. ಅದನ್ನೂ ಜನ ಮುಯ್ಯಿ ಅಂದರು. ತಮಿಳಿನಲ್ಲೂ ಮದುವೆಗೆ ಬರೆಸುವ ದುಡ್ಡಿಗೆ ಮೊಯ್ ಅಂತಾರೆ. ಅಲ್ಲೂ ಹೀಗೇ ಪುಸ್ತಕ ಇಟ್ಟುಕೊಂಡು ಹೆಸರು ಬರೆದುಕೊಳ್ಳುತ್ತಾರೆ.

ಈಗ ನಿಮ್ಮ ಪ್ರಶ್ನೆ. ನೀವು ಸಿಕ್ಕಿಬಿದ್ದಿರೋದು ಒಂದು ಕ್ರಿಯಾಪದ ಇಲ್ಲದೆ. ಮುಯ್ಯಿ ಅಂತ ಬರಿದೇ ಹೇಳಿದರೆ ಯಾವ ಕಡೆಯಿಂದ ಯಾವ ಕಡೆಗೆ ಅನ್ನೋದು ಆ ಪದದಲ್ಲಿ ಇಲ್ಲ. ಪಕ್ಕದ ಮಾತು ಅದನ್ನು ಹೇಳಬೇಕು. ‘ಮುಯ್ಯಿ ಬರಬೇಕು’ ಅಂದರೆ ನಮಗೆ. ‘ಮುಯ್ಯಿ ತೀರಿಸಬೇಕು’ ಅಂದರೆ ನಾವು. ‘ಮುಯ್ಯಿಗೆ ಹೋಗಿದ್ದಾಳೆ’ ಅಂದರೆ ಮತ್ತೆ ಗೊತ್ತಾಗಲ್ಲ. ಮೊದಲ ಸಲ ಹೋಗಿದ್ದಾಳೋ, ತೀರಿಸೋಕೆ ಹೋಗಿದ್ದಾಳೋ, ಮನೆಯವರಿಗೇ ಗೊತ್ತು. ಸಾಲಕ್ಕೆ ಹೀಗಿಲ್ಲ ನೋಡಿ. ಸಾಲಗಾರ ಅಂದ ಕೂಡಲೇ ಯಾರು ಅಂತ ಗೊತ್ತಾಗಿಬಿಡುತ್ತೆ. ಮುಯ್ಯಿಗಾರ ಅಂತ ಒಂದು ಪದ ನಾನು ಯಾರ ಬಾಯಲ್ಲೂ ಕೇಳಿಲ್ಲ.

ಇದನ್ನು ಕಡ, ಎರವಲಿನ ಜೊತೆ ಸೇರಿಸಬೇಡಿ. ಎರವಲು ತಂದ ಹಾರೆಯನ್ನೇ ವಾಪಸ್ ಕೊಡಬೇಕು. ಕಡ ತಂದ ಒಂದು ಪಾವು ಸಕ್ಕರೆಗೆ ಬೇರೆ ಸಕ್ಕರೆ, ಅಳತೆ ಅಷ್ಟೇ. ಆಳಿನ ಮುಯ್ಯಿಯಲ್ಲಿ ವಾಪಸ್ ಹೋಗೋದು ವಸ್ತುವಲ್ಲ, ಮನುಷ್ಯ. ಅವರ ಮನೆಗೆ ಬೇಕಾದ ದಿನ, ಅವರು ಕರೆದ ಹೊತ್ತಿಗೆ ಹೋಗಬೇಕು. ನಮಗೆ ಬಿಡುವಾದಾಗ ಅಲ್ಲ.

ಸಾಗರ ತೋಟಿಗ

ಹೀಗೆ ಆಳಿಗೆ ಆಳು ಕೊಡೋದಕ್ಕೆ ನಮ್ಮ ಕಡೆ ಮುರಿಯಾಳು ಅಂತೀವಿ. ಸಾಗರದಿಂದ ಸಿದ್ದಾಪುರ, ಶಿರಸಿ ಕಡೆ ಹೋದರೆ ಅದೇ ಮಾತು. ನಿಮ್ಮ ಕಡೆ ಮುಯ್ಯಾಳು. ಕೆಲಸ ಒಂದೇ.

ಪುಸ್ತಕದ ಬಗ್ಗೆ ನನ್ನ ಊಹೆ ಹೇಳುತ್ತೇನೆ. ಮನುಷ್ಯ ಬರೆದಿಡೋದು ಮರೆತುಹೋದೀತು ಅನ್ನೋ ಭಯಕ್ಕೆ. ಬರಬೇಕಾದ್ದು ಯಾರಿಗೂ ಮರೆಯಲ್ಲ. ಕೊಡಬೇಕಾದ್ದು ಮರೆಯುತ್ತೆ. ಹಾಗಾಗಿ ನಿಮ್ಮಮ್ಮ ಬರೆದದ್ದು ಕೊಡಬೇಕಾದ್ದೇ ಇರಬೇಕು. ನಾನಾಗಿದ್ದರೆ ನಾಳೆಯೇ ಹೋಗುತ್ತಿದ್ದೆ.

ಲೆಕ್ಕದ ಕ್ರಮವೂ ಹೇಳಿಬಿಡುತ್ತೇನೆ, ಯಾಕಂದರೆ 2 ಅನ್ನೋದು ಎರಡು ಥರ ಆಗಬಹುದು. ನಮ್ಮ ಕೇರಿಯಲ್ಲಿ ಇಬ್ಬರು ಒಂದು ದಿನ ಬಂದರೂ 2, ಒಬ್ಬರೇ ಎರಡು ದಿನ ಬಂದರೂ 2. ಎತ್ತು ಕಟ್ಟಿಕೊಂಡು ಬಂದು ಹೂಡಿದವನಿಗೆ ಹೆಚ್ಚು ಹಿಡಿಯುತ್ತಿದ್ದರು, ಒಂದು ಜೋಡಿ ಎತ್ತು ಒಬ್ಬ ಮನುಷ್ಯ ಅಂದರೆ 2 ಆಳಿನ ಲೆಕ್ಕ. ಟಿಲ್ಲರ್ ಬಂದ ಮೇಲೆ ಆ ಲೆಕ್ಕ ಕೆಟ್ಟಿತು. ಟಿಲ್ಲರಿನವನಿಗೆ ಡೀಸೆಲ್ ದುಡ್ಡು ಕೊಡಲೇಬೇಕು. ಡೀಸೆಲ್ಲಿಗೆ ಮುರಿಯಾಳು ಹೇಗೆ ಕೊಡ್ತೀರಿ?

ಅಡಿಕೆ ಸುಲಿಯೋದರಲ್ಲಿ ಇದು ಇನ್ನೂ ಸ್ವಲ್ಪ ಉಳಿದಿದೆ. ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯೋ ಕೊನೆಗಾರ ಒಬ್ಬನೇ ಬೇಕಾದಷ್ಟು ಮನೆಗೆ ಇರುತ್ತಾನೆ, ಅವನು ಬಂದು ಕೊನೆ ಇಳಿಸಿದ ಮೇಲೆ ಹಸಿ ಅಡಿಕೆ ಕಾಯುತ್ತಾ ಕೂರಲ್ಲ. ಎರಡು ಮೂರು ದಿನದೊಳಗೆ ಸುಲಿದು, ಬೇಯಿಸಿ, ಚಪ್ಪರಕ್ಕೆ ಹಾಕಬೇಕು. ಮನೆಯಲ್ಲಿ ಮೂರು ಜನ ಇದ್ದರೆ ಆಗದ ಮಾತು. ಅಡಿಕೆ ಸುಲಿಯೋ ಮೆಟ್ಟುಗತ್ತಿ ಹತ್ತು ಸಾಲಾಗಿ ಕೂತರೆ ರಾತ್ರಿ ಹನ್ನೊಂದಕ್ಕೆ ಮುಗಿಯುತ್ತೆ. ಈಗ ಸುಲಿಯೋ ಮಿಷನ್ ಬಂದಿದೆ, ದೊಡ್ಡ ತೋಟದವರು ಅದಕ್ಕೇ ಹಾಕ್ತಾರೆ. ಎರಡು ಎಕರೆಯವರು ಇನ್ನೂ ಮೆಟ್ಟುಗತ್ತಿಯೇ.

ಅನುವಾದಕಿ, ಬೆಂಗಳೂರು (ಊರು ಕೊಪ್ಪದ ಹತ್ತಿರ)

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನಗೆ ಇದು ದಿನದ ಕೆಲಸ. ಮೊಬೈಲ್ ಆ್ಯಪ್‌ಗಳನ್ನು ಕನ್ನಡಕ್ಕೆ ತರುವಾಗ ‘ಮ್ಯೂಚುವಲ್ ಫ್ರೆಂಡ್ಸ್’ ಅಂತ ಬರುತ್ತೆ. ಎಲ್ಲರೂ ‘ಪರಸ್ಪರ ಸ್ನೇಹಿತರು’ ಅಂತ ಹಾಕ್ತಾರೆ. ಅದನ್ನು ನೋಡಿದಾಗಲೆಲ್ಲ ಕಸಿವಿಸಿ. ನೀನೂ ನಾನೂ ಪರಸ್ಪರ ಸ್ನೇಹಿತರು ಅಂದರೆ ನಿನಗೆ ನಾನು, ನನಗೆ ನೀನು. ಅಲ್ಲಿ ಹೇಳಬೇಕಿರೋದು ಮೂರನೇ ಮನುಷ್ಯನ ವಿಷಯ, ನಮ್ಮಿಬ್ಬರಿಗೂ ಗೊತ್ತಿರುವವನು. ಇದಕ್ಕೂ ಮುಯ್ಯಿಯಂಥ ಒಂದು ಅಚ್ಚಗನ್ನಡ ಪದ ಇದೆಯಾ ಮೇಷ್ಟ್ರೇ?

ತೀರ್ಥಹಳ್ಳಿ ಮೇಷ್ಟ್ರು

ಇದೆ, ಆದರೆ ಒಂದೇ ಪದದಲ್ಲಿ ಇಲ್ಲ. ‘ಅವರು ನಮಗೂ ಬೇಕಾದವರು, ನಿಮಗೂ ಬೇಕಾದವರು’ ಅಂತೀವಲ್ಲ, ಅದೇ. ‘ಇಬ್ಬರಿಗೂ ಬೇಕಾದವರು’ ಅಂತ ಹಾಕಿ ನೋಡಿ. ಹೆಣ್ಣು ನೋಡೋ ಮಾತಿಗೂ, ಜಗಳ ಬಗೆಹರಿಸೋಕೂ ನಾವು ಹುಡುಕೋದು ಅಂಥವರನ್ನೇ.

ಪರಸ್ಪರ ಒಳ್ಳೆ ಪದ. ಸಂಸ್ಕೃತದಲ್ಲಿ ಪರ ಪರ ಅಂತ ಎರಡು ಸಲ ಹೇಳಿದ್ದು. ಅನ್ಯೋನ್ಯವೂ ಹಾಗೇ, ಅನ್ಯ ಅನ್ಯ. ಆದರೆ ಕನ್ನಡಕ್ಕೆ ಬಂದ ಮೇಲೆ ಎರಡೂ ಬೇರೆ ಬೇರೆ ದಾರಿ ಹಿಡಿದವು. ಅನ್ಯೋನ್ಯ ಗಂಡ ಹೆಂಡಿರ ಪದವಾಯಿತು. ‘ಅನ್ಯೋನ್ಯವಾಗಿದ್ದಾರೆ’ ಅಂದರೆ ಸಂಸಾರ ಚೆನ್ನಾಗಿದೆ ಅಂತ. ಪರಸ್ಪರ ಭಾಷಣಕ್ಕೆ ಹೋಯಿತು. ಪರಸ್ಪರ ಸಹಕಾರ, ಪರಸ್ಪರ ಗೌರವ. ನಮ್ಮ ಮನೆಗಳಲ್ಲಿ ಯಾರೂ ಪರಸ್ಪರ ಅನ್ನಲ್ಲ. ಒಬ್ಬರಿಗೊಬ್ಬರು ಅಂತೀವಿ.

ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ನಮ್ಮ ನೆಂಟಸ್ತಿಕೆಯ ಪದಗಳನ್ನು ನೋಡಿ. ಅತ್ತೆ ಅಂದರೆ ಆ ಕಡೆ ಸೊಸೆ. ಅತ್ತಿಗೆ ಅಂದರೆ ಆ ಕಡೆ ನಾದಿನಿಯೋ ಮೈದುನನೋ. ಕೂತ ಜಾಗ ಬದಲಾದರೆ ಹೆಸರೂ ಬದಲಾಗುತ್ತೆ. ಆದರೆ ಬೀಗರು ಹಾಗಲ್ಲ. ನಾನು ನಿಮಗೆ ಬೀಗ, ನೀವೂ ನನಗೆ ಬೀಗ. ಅಕ್ಕ ತಂಗಿಯರನ್ನು ಮದುವೆಯಾದವರು ಒಬ್ಬರಿಗೊಬ್ಬರು ಷಡ್ಡಕ. ಅಣ್ಣ ತಮ್ಮಂದಿರ ಹೆಂಡಿರು ಒಬ್ಬರಿಗೊಬ್ಬರು ಓರಗಿತ್ತಿ. ಎರಡು ಕಡೆಯಿಂದ ನೋಡಿದರೂ ಅದೇ ಪದ. ಮುಯ್ಯಿ ಈ ಸಾಲಿನದ್ದು. ಕೆಳಮನೆ ತಂಗಿಗೆ ಅದಕ್ಕೇ ಕಷ್ಟವಾಗಿರೋದು. ‘ಬೀಗರು ಬಂದಿದ್ದಾರೆ’ ಅಂತಷ್ಟೇ ಬರೆದಿಟ್ಟರೆ ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ಹೇಗೆ ಗೊತ್ತಾಗಬೇಕು?

ಕ್ರಿಯಾಪದದಲ್ಲೂ ನಮ್ಮಲ್ಲಿ ಒಂದು ಉಪಾಯ ಇದೆ, ಕೊನೆಗೆ ‘ಆಡು’ ಸೇರಿಸೋದು. ಹೊಡೆದಾಡು, ಬೈದಾಡು, ಗುದ್ದಾಡು, ಕಿತ್ತಾಡು, ಕಾದಾಡು. ಎಲ್ಲ ಜಗಳದ್ದೇ ನೋಡಿ! ಕೊಡೋ ವಿಷಯಕ್ಕೆ ಬಂದರೆ ಕೊಟ್ಟಾಡು ಅನ್ನಲ್ಲ. ‘ಕೊಟ್ಟು ತಗೊಳ್ಳೋದು’ ಅಂತ ಎರಡನ್ನೂ ಬಿಡಿಸಿ ಹೇಳಬೇಕು. ಹೊಡೆತ ಎರಡೂ ಕಡೆಯಿಂದ ಒಟ್ಟಿಗೇ ಬೀಳುತ್ತೆ. ಕೊಡೋದು ಒಂದಾದ ಮೇಲೆ ಒಂದು, ನಡುವೆ ದಿನಗಳಿರುತ್ತವೆ.

ಸೊರಬದ ರೈತ

ಎಲ್ಲರೂ ಮುಯ್ಯಾಳನ್ನು ಹೊಗಳುತ್ತಿದ್ದೀರಿ. ನಾನೂ ಹೊಗಳುತ್ತೇನೆ. ಆದರೆ ಒಂದು ಮಾತು ಸೇರಿಸಬೇಕು, ಇಲ್ಲದಿದ್ದರೆ ಈ ಪದದ ಅರ್ಧ ಅರ್ಥ ಬಿಟ್ಟುಹೋಗುತ್ತೆ.

ಮುಯ್ಯಿ ಎಲ್ಲರ ನಡುವೆ ಇರಲಿಲ್ಲ. ನನ್ನ ಅಜ್ಜ ಗೇಣಿದಾರ. ಒಡೆಯರ ಗದ್ದೆ ನಾಟಿಗೆ ಅವನು ಹೋಗುತ್ತಿದ್ದ, ಮನೆಮಂದಿಯೆಲ್ಲ ಹೋಗುತ್ತಿದ್ದರು. ಒಡೆಯರು ಅಜ್ಜನ ಗದ್ದೆಗೆ ಇಳಿಯುತ್ತಿದ್ದರಾ? ಇಲ್ಲ. ಅದಕ್ಕೆ ಹೆಸರು ಬಿಟ್ಟಿ. ಒಂದೇ ಗದ್ದೆ, ಅದೇ ಅಗೆ, ಅದೇ ಮಳೆ, ಅದೇ ಕಂಬಳಿ ಕೊಪ್ಪೆ. ಬೆಳಿಗ್ಗೆ ಪಕ್ಕದ ಮನೆಯ ಗದ್ದೆಯಲ್ಲಿ ಬಗ್ಗಿದರೆ ಮುಯ್ಯಾಳು, ಮಧ್ಯಾಹ್ನ ಒಡೆಯರ ಗದ್ದೆಯಲ್ಲಿ ಬಗ್ಗಿದರೆ ಬಿಟ್ಟಿ ಆಳು. ಕೈ ಮಾಡೋ ಕೆಲಸದಲ್ಲಿ ಎಳ್ಳಷ್ಟೂ ವ್ಯತ್ಯಾಸ ಇಲ್ಲ. ತಿರುಗಿ ಬರುತ್ತಾರೋ ಇಲ್ಲವೋ, ಅಷ್ಟೇ ವ್ಯತ್ಯಾಸ.

ಸಾಗರದ ಹತ್ತಿರ 1951ರಲ್ಲಿ ಕಾಗೋಡು ಸತ್ಯಾಗ್ರಹ ಆಯಿತಲ್ಲ, ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಕಟ್ಟಿಕೊಂಡು ನಿಂತದ್ದು. ಆ ಗಲಾಟೆಯ ಬುಡದಲ್ಲಿ ಇದ್ದದ್ದು ಗೇಣಿ ಅಳೆಯೋ ಕೊಳಗ. ಒಡೆಯರ ಕೊಳಗ ದೊಡ್ಡದು ಅಂತ ಜನ ಎದ್ದು ನಿಂತರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೂ ಬಂದು ಜೈಲಿಗೆ ಹೋದರು. ನನ್ನ ಅಜ್ಜ ಹೇಳುತ್ತಿದ್ದದ್ದು ಇಷ್ಟು. ನಮ್ಮ ಕೇರಿಯಲ್ಲಿ ಮುಯ್ಯಿಗೆ ಯಾರೂ ಕೊಳಗ ತಂದವರಲ್ಲ, ಆಳಿಗೆ ಆಳು ಅಷ್ಟೇ. ಗಟ್ಟಿ ಆಳು ಬಂದ, ಮೆತ್ತಗಿನ ಆಳು ಹೋದ ಅಂತ ಯಾರೂ ತೂಗಲಿಲ್ಲ. ಮುದುಕಿ ಬಂದರೂ ಒಂದು ಆಳೇ.

1974ರ ಭೂಸುಧಾರಣೆಯಲ್ಲಿ ಗೇಣಿ ಗದ್ದೆ ನಮ್ಮದಾಯಿತು. ಆಮೇಲೆ ನಮ್ಮೂರಲ್ಲಿ ಮುಯ್ಯಾಳು ಹೆಚ್ಚಾಯಿತು ಅಂತ ಅಪ್ಪ ಹೇಳುತ್ತಾನೆ. ಮೊದಲು ಒಡೆಯರದ್ದು ಮುಗಿಸಿ ಉಳಿದ ದಿನದಲ್ಲಿ ನಮ್ಮದು ಮಾಡಬೇಕಿತ್ತು. ಆಮೇಲೆ ಯಾರ ಗದ್ದೆ ಯಾವ ದಿನ ಅಂತ ನಾವೇ ಕೂತು ಹಂಚಿಕೊಂಡೆವು. ಹಾಗಾಗಿ ‘ಹಿಂದಿನ ಕಾಲದಲ್ಲಿ ಎಲ್ಲರೂ ಕೂಡಿ ಬಾಳುತ್ತಿದ್ದರು’ ಅಂತ ಯಾರಾದರೂ ಬರೆದರೆ ನನಗೆ ತಡೆಯಲ್ಲ. ಸರಿಸಮ ಇದ್ದವರು ಕೂಡಿ ಬಾಳುತ್ತಿದ್ದರು.

ಸಾಗರ ತೋಟಿಗ

ಸೊರಬದ ಅಣ್ಣ ಹೇಳಿದ್ದು ಸರಿ. ನಮ್ಮ ತೋಟಗಳಲ್ಲೂ ಮುರಿಯಾಳು ತೋಟ ಇದ್ದವರ ನಡುವೆಯೇ ಇತ್ತು. ತೋಟ ಇಲ್ಲದವರು ಬಂದರೆ ಕೂಲಿ. ನಾನು ಹಾಗೆ ಯೋಚಿಸಿರಲಿಲ್ಲ.

ಕೆಳಮನೆ, ಹೊಸನಗರ

ಎಲ್ಲರಿಗೂ ವಂದನೆ. ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ನಿನ್ನೆ ರಾತ್ರಿ ಪುಸ್ತಕ ಮತ್ತೆ ತೆಗೆದು ಕೂತೆ. ಸಾಗರದ ಅಣ್ಣನ ಮಾತು ಸರಿ ಇರಬಹುದು ಅಂತ ಮದುವೆ ಮುಯ್ಯಿಯ ಪುಟಗಳನ್ನು ನೋಡಿದೆ. ಅಲ್ಲಿ ಎಡಗಡೆ ‘ಬಂದದ್ದು’, ಬಲಗಡೆ ‘ಹಾಕಿದ್ದು’ ಅಂತ ಎರಡೂ ಇದೆ. ಒಬ್ಬರು 51 ಹಾಕಿದ್ದಕ್ಕೆ ನಾವು 101 ಹಾಕಿದ್ದೇವೆ. ಮುಂದಿನ ಸಲ ಅವರು 151. ದುಡ್ಡಿನಲ್ಲಿ ಅಮ್ಮ ಅಷ್ಟು ಚೊಕ್ಕ. ಆಳಿನ ಲೆಕ್ಕದಲ್ಲಿ ಮಾತ್ರ ಎಡ ಬಲ ಇಲ್ಲ.

ಕೆಲಸ ಯಾವುದು ಅಂತ ಗೊತ್ತಾಯಿತು ಅನಿಸುತ್ತೆ. ಆ ಸಾಲಿನ ಹತ್ತಿರ ಹಾಳೆ ಮೇಲೆ ಕಂದು ಬಣ್ಣದ ಹೆಬ್ಬೆಟ್ಟಿನ ಕಲೆ ಇದೆ. ಚೊಗರು. ಅಡಿಕೆ ಸುಲಿದು ಬಂದು ಕೈ ತೊಳೆದರೂ ಹೋಗದ ಕಲೆ ಅದು, ನಿಮಗೆಲ್ಲ ಗೊತ್ತು. ಉಳಿದ ಸಾಲುಗಳ ಹತ್ತಿರ ಕೆಲವು ಕಡೆ ಕೆಸರಿನ ಕಲೆ ಇದೆ, ಅವು ನಾಟಿಯವು ಇರಬೇಕು. ಅಮ್ಮ ಕೆಲಸದಿಂದ ಬಂದವಳೇ, ಕೂರುವ ಮೊದಲೇ ಬರೆಯುತ್ತಿದ್ದಳು ಅಂತ ಕಾಣುತ್ತೆ.

ಆದರೂ ಯಾರ ಅಡಿಕೆ? ನಮ್ಮದು ಸುಲಿದದ್ದೋ, ಅವರದ್ದೋ? ಕಲೆಗೆ ಅದು ಗೊತ್ತಿಲ್ಲ.

ಇನ್ನೊಂದು ಕೇಳಬೇಕು. ನಾವೇ ಕೊಡಬೇಕಾದ್ದು ಅಂತಿಟ್ಟುಕೊಳ್ಳಿ. ನನಗೆ ಮಂಡಿನೋವು, ಮೆಟ್ಟುಗತ್ತಿ ಮುಂದೆ ದಿನಪೂರ್ತಿ ಕೂರೋದು ಕಷ್ಟ. ಎರಡು ಆಳಿನ ಕೂಲಿ ದುಡ್ಡು ಕೊಟ್ಟರೆ ಆಗುತ್ತಾ? ನಮ್ಮ ಯಜಮಾನರು ‘ಈಗಿನ ಕಾಲದಲ್ಲಿ ಅದೇ ಮರ್ಯಾದೆ’ ಅಂತಾರೆ.

ಮುಳುಗಡೆ ಮನೆ, ಶಿವಮೊಗ್ಗ

ಅಮ್ಮಾ, ದುಡ್ಡು ಕೊಡಬೇಡಿ. ಯಾಕೆ ಅಂತ ನಮ್ಮ ಮನೆಯ ಕಥೆ ಹೇಳುತ್ತೇನೆ.

ನಮ್ಮದು ಶರಾವತಿ ಹಿನ್ನೀರಿನ ಕುಟುಂಬ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ನೀರು ಮೇಲೆ ಬರುತ್ತೆ ಅಂತ ಗೊತ್ತಾದ ಮೇಲೆ ನಮ್ಮ ಊರಿನವರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೊರಟರು. ಲಾರಿಗೆ ಬಾಗಿಲು, ಕಿಟಕಿ, ಕಂಬ, ಒನಕೆ, ಎಲ್ಲ ಹೇರಿದರು ಅಂತ ಅಜ್ಜಿ ಹೇಳುತ್ತಿದ್ದಳು. ಹೊಸ ಜಾಗದಲ್ಲಿ ಕಾಡು ಕಡಿದು ಗದ್ದೆ ಮಾಡಬೇಕಿತ್ತು. ಹತ್ತು ಕೈ ಬೇಕಾದ ಕೆಲಸ. ಅಜ್ಜಿಗೆ ಹಳೆ ಊರಲ್ಲಿ ನಾಲ್ಕು ಮನೆಯಿಂದ ಮುಯ್ಯಿ ಬರಬೇಕಿತ್ತು. ಆ ನಾಲ್ಕು ಮನೆ ಎಲ್ಲಿ? ಒಂದು ಸೊರಬದ ಕಡೆ, ಒಂದು ಶಿಕಾರಿಪುರದ ಕಡೆ, ಉಳಿದೆರಡು ಎಲ್ಲಿ ಅಂತ ಗೊತ್ತೇ ಆಗಲಿಲ್ಲ. ಅವರು ಕೊಡಲ್ಲ ಅಂದವರಲ್ಲ. ಮೂವತ್ತು ಮೈಲಿ ನಡೆದು ಬಂದು ಒಂದು ದಿನ ನಾಟಿ ಮಾಡಿ ಹೋಗೋಕೆ ಆಗುತ್ತಾ?

ಪರಿಹಾರ ಅಂತ ಕೊಟ್ಟದ್ದರಲ್ಲಿ ಮರಕ್ಕೆ ಇಷ್ಟು, ಮನೆಗೆ ಇಷ್ಟು ಅಂತ ಇತ್ತು. ಮುಯ್ಯಿಗೆ ಯಾವ ಪಟ್ಟಿಯಲ್ಲೂ ಸಾಲು ಇರಲಿಲ್ಲ. ನಾಡಿಗೆಲ್ಲ ಕರೆಂಟು ಬಂತು, ಅದರ ಬಗ್ಗೆ ಅಜ್ಜಿ ಕೆಟ್ಟ ಮಾತು ಆಡಿದವಳಲ್ಲ. ಆದರೆ ಹೊಸ ಊರಲ್ಲಿ ಮೊದಲ ಮೂರು ವರ್ಷ ಕೂಲಿ ಕೊಟ್ಟೇ ನಾಟಿ ಮಾಡಿಸಿದ್ದನ್ನು ಮಾತ್ರ ಹೇಳಿ ಹೇಳಿ ಅಳುತ್ತಿದ್ದಳು. ದುಡ್ಡು ಹೋಯಿತು ಅಂತ ಅಲ್ಲ. ಕೂಲಿಯವರು ಸಂಜೆ ದುಡ್ಡು ಇಸಕೊಂಡು ಹೋದರೆ ಮಾರನೇ ದಿನ ಅವಳ ಹೆಸರು ಹಿಡಿದು ಕರೆಯುವವರು ಯಾರೂ ಇರುತ್ತಿರಲಿಲ್ಲ. ನಾಲ್ಕನೇ ವರ್ಷ ಪಕ್ಕದ ಮನೆಯವಳು ಬೇಲಿ ಹತ್ತಿರ ಬಂದು ‘ನಾಳೆ ನಮ್ಮನೆ ಭತ್ತ ಒಕ್ಕೋದಕ್ಕೆ ಮುಯ್ಯಿ ಬರ್ತೀಯಾ?’ ಅಂದಳಂತೆ. ಅವತ್ತು ಮನೆಗೆ ಬಂದು ಪಾಯಸ ಮಾಡಿದ್ದಳು ಅಜ್ಜಿ.

ನೀವು ಹೋಗೋಕೆ ಆಗದಿದ್ದರೆ ಮನೆಯಿಂದ ಬೇರೆ ಯಾರನ್ನಾದರೂ ಕಳಿಸಿ. ಆಳು ಯಾರಾದರೂ ಆಗಬಹುದು, ಮನೆ ನಿಮ್ಮದಾಗಿರಬೇಕು.

ಸೊರಬದ ರೈತ

ಇದಕ್ಕೆ ನನ್ನದೂ ಒಪ್ಪಿಗೆ. ದುಡ್ಡು ಕೊಟ್ಟ ಕ್ಷಣ ಅದು ಕೂಲಿ. ನೀವು ಒಡೆಯರಾದಿರಿ, ಅವರು ಆಳಾದರು.

ಅನುವಾದಕಿ, ಬೆಂಗಳೂರು

ಮುಳುಗಡೆಯ ಕಥೆ ಓದಿ ಆಫೀಸಿನಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಒಂದು ಅನುಮಾನ ಉಳಿದಿದೆ. ಇಷ್ಟು ಒಳ್ಳೆ ಪದ ಸೇಡಿನ ಅರ್ಥಕ್ಕೆ ಯಾಕೆ ಹೋಯಿತು? ನಾನು ‘ಮುಯ್ಯಿ’ ಅಂತ ಬರೆದರೆ ಬೆಂಗಳೂರಿನ ಓದುಗರು ಜಗಳ ಅಂತಲೇ ಓದುತ್ತಾರೆ.

ತೀರ್ಥಹಳ್ಳಿ ಮೇಷ್ಟ್ರು

ಹೋಗಿಲ್ಲಮ್ಮ, ಅದೂ ಅಲ್ಲೇ ಇತ್ತು. ಸಮನಾಗಿ ತಿರುಗಿ ಕೊಡೋದು ಅಂದ ಮೇಲೆ ಏಟಿಗೆ ಏಟೂ ಅದರೊಳಗೇ ಬರುತ್ತೆ. ಪೇಟೆಯಲ್ಲಿ ಆಳು ಕೊಟ್ಟು ಆಳು ಪಡೆಯೋ ಕೆಲಸವೇ ಇಲ್ಲ, ಹಾಗಾಗಿ ಅಲ್ಲಿ ಏಟಿನ ಅರ್ಥ ಒಂದೇ ಬಾಕಿ ಉಳಿಯಿತು. ಹಳ್ಳಿಯಲ್ಲೂ ಆಳು ಕಡಿಮೆಯಾಗುತ್ತಾ ಹೋದರೆ ಇಲ್ಲೂ ಹಾಗೇ ಆದೀತು ಅಂತ ನನಗೆ ಹೆದರಿಕೆ. ಪದ ಸಾಯಲ್ಲ, ಅದರ ಒಳ್ಳೆಯ ಅರ್ಧ ಸಾಯುತ್ತೆ. ‘ಮುಯ್ಯಾಳು’ ಅಂತ ಪೂರ್ತಿ ಬರೆಯಿರಿ. ಅದರಲ್ಲಿ ಸೇಡು ಯಾರಿಗೂ ಕಾಣಲ್ಲ.

ಕೆಳಮನೆ ತಂಗೀ, ನಾನು ನಿಮ್ಮ ಜಾಗದಲ್ಲಿದ್ದರೆ ಯಾರು ಕೊಡಬೇಕು ಅಂತ ತೀರ್ಮಾನ ಆಗೋ ತನಕ ಕಾಯುತ್ತಿರಲಿಲ್ಲ. ಪುಸ್ತಕವನ್ನೇ ತಗೊಂಡು ಹೋಗುತ್ತಿದ್ದೆ. ‘ಅಮ್ಮ ಹೀಗೆ ಬರೆದಿದ್ದಾಳೆ, ನನಗೆ ಓದೋಕೆ ಬರ್ತಾ ಇಲ್ಲ, ನೀವು ಹೇಳಿ’ ಅನ್ನಿ. ಕೇಳಿದ ಹಾಗೂ ಅಲ್ಲ, ಕೊಟ್ಟ ಹಾಗೂ ಅಲ್ಲ.

ಕೆಳಮನೆ, ಹೊಸನಗರ

ಹತ್ತು ದಿನ ಆಯಿತು ಬರೆದು. ತಡವಾಗಿದ್ದಕ್ಕೆ ಕ್ಷಮಿಸಿ, ನಮ್ಮ ಮನೆಯಲ್ಲಿ ಕೊನೆ ಶುರುವಾಗಿತ್ತು.

ಮೇಷ್ಟ್ರು ಹೇಳಿದ ಹಾಗೇ ಮಾಡಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಪುಸ್ತಕವನ್ನು ಸೆರಗಿನೊಳಗೆ ಇಟ್ಟುಕೊಂಡು ಹತ್ತಿದೆ. ಮೇಲಿನ ಮನೆ ಅತ್ತೆ ಜಗುಲಿಯಲ್ಲಿ ಬತ್ತಿ ಹೊಸೆಯುತ್ತಾ ಕೂತಿದ್ದರು. ನಾವು ನೆಂಟರಲ್ಲ, ಆದರೆ ಚಿಕ್ಕಂದಿನಿಂದ ಅತ್ತೆ ಅಂತಲೇ ಕರೆಯೋದು. ಎರಡು ವರ್ಷದ ಮೇಲೆ ಹಾಗೆ ಕರೆದೆ. ಅವರು ತಲೆ ಎತ್ತಿ ನೋಡಿ ‘ಕೂತ್ಕೋ’ ಅಂದರು, ಅಷ್ಟೇ. ಬೇಲಿ ಮಾತು ಇಬ್ಬರೂ ಎತ್ತಲಿಲ್ಲ.

ಪುಸ್ತಕ ಬಿಚ್ಚಿ ಆ ಸಾಲು ತೋರಿಸಿದೆ. ಅವರಿಗೆ ಕನ್ನಡಕ ಇಲ್ಲದೆ ಕಾಣಲ್ಲ, ನಾನೇ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ‘ಹಾಗಾದ್ರೆ ನಾವೇ ಕೊಡಬೇಕು’ ಅಂದರು. ನಿಮಗೆ ನೆನಪಿದೆಯಾ ಅತ್ತೆ ಅಂದೆ. ‘ನೆನಪಿಲ್ಲ. ಆದರೆ ನಿಮ್ಮಮ್ಮ ತಾನು ಕೊಡಬೇಕಾದ್ದನ್ನ ಬರೆದು ಇಡೋಳಲ್ಲ. ನಾವು ಹೋದ ಮಾರನೇ ವಾರವೇ ಕತ್ತಿ ಹಿಡ್ಕೊಂಡು ಬಂದು ಮುಗಿಸಿ ಹೋಗೋಳು. ಅವಳಿಗೆ ರಾತ್ರಿ ನಿದ್ದೆ ಬರ್ತಿರಲಿಲ್ಲ, ಕೊಡೋದು ಇಟ್ಕೊಂಡ್ರೆ. ಬರೆದಿದ್ದಾಳೆ ಅಂದ್ರೆ ಬರಬೇಕಾದ್ದೇ.’

ಸಾಗರದ ಅಣ್ಣಾ, ನಿಮ್ಮ ಊಹೆ ಉಲ್ಟಾ ಆಯಿತು. ನಾನೂ ನಿಮ್ಮ ಹಾಗೇ ಅಂದುಕೊಂಡಿದ್ದೆ, ಅಮ್ಮನನ್ನು ಮನಸ್ಸಲ್ಲೇ ಸ್ವಲ್ಪ ದೊಡ್ಡವಳನ್ನಾಗಿ ಮಾಡಿಕೊಂಡಿದ್ದೆ. ಬರಬೇಕಾದ್ದನ್ನು ಒಂದೊಂದೂ ಬಿಡದೆ ಬರೆದಿಟ್ಟಿದ್ದಳು ಅಂತ ತಿಳಿದು ಒಂದು ಗಳಿಗೆ ಒಂಥರ ಆಯಿತು. ಮನೆಗೆ ಇಳಿದು ಬರುವಾಗ ಯೋಚನೆ ಬಂತು. ಅಪ್ಪ ಇಲ್ಲದ ಮನೆ. ಮೂರು ಹೆಣ್ಣುಮಕ್ಕಳು. ಎರಡು ಎಕರೆ ತೋಟ. ಕೊನೆ ಇಳಿದ ದಿನ ಯಾರ್ಯಾರನ್ನು ಧೈರ್ಯವಾಗಿ ಕರೆಯಬಹುದು ಅನ್ನೋದರ ಪಟ್ಟಿ ಅದು. ಅದಿಲ್ಲದೆ ಅವಳು ಸುಗ್ಗಿ ಮಾಡುತ್ತಿದ್ದದ್ದು ಹೇಗೆ?

ನಾನು ಏನೂ ಕೇಳಲಿಲ್ಲ. ‘ನಿಮ್ಮನೆ ಕೊನೆ ಯಾವತ್ತು?’ ಅಂತ ಅತ್ತೆಯೇ ಕೇಳಿದರು. ಸೋಮವಾರ ಅಂದೆ. ಸೋಮವಾರ ಮಧ್ಯಾಹ್ನ ಅತ್ತೆಯ ಸೊಸೆ ಮತ್ತು ಮೊಮ್ಮಗ ಇಬ್ಬರೂ ಬಂದರು, ಮೆಟ್ಟುಗತ್ತಿ ಅವರದ್ದೇ ತಂದಿದ್ದರು. ಮೊಮ್ಮಗ ಪಿಯುಸಿ ಓದುತ್ತಿರೋ ಹುಡುಗ. ಅವನಿಗೆ ಸುಲಿಯೋಕೆ ಅಷ್ಟು ಬರಲ್ಲ, ಕಾಯಿ ಜಾರಿ ಜಾರಿ ಹೋಗುತ್ತಿತ್ತು. ಅವನನ್ನೂ ಒಂದು ಆಳು ಅಂತಲೇ ಲೆಕ್ಕ ಹಿಡಿದೆ, ಸೊರಬದ ಅಣ್ಣನ ಅಜ್ಜನ ಮಾತು ನೆನಪಿತ್ತು. ಮಧ್ಯಾಹ್ನ ಪತ್ರೊಡೆ, ರಾತ್ರಿ ಅನ್ನ ಸಾರು, ಹಪ್ಪಳ. ಒಂಬತ್ತೂವರೆಗೆ ಸುಲಿದು ಮುಗಿಯಿತು. ಹಂಡೆಗೆ ಬೆಂಕಿ ಹಾಕಿದ ಮೇಲೆ ಸೊಸೆ ಬೆನ್ನು ನೀಡಿಕೊಂಡು ಎದ್ದು, ‘ಅಕ್ಕಾ, ನಮ್ಮದು ಬರೋ ಗುರುವಾರ’ ಅಂದಳು.

ನನಗೆ ಮಂಡಿನೋವು ಅಂತ ಹೇಳಿದೆ. ‘ಪಕ್ಕದಲ್ಲಿ ಕೂತು ಕಾಯಿ ಆರಿಸಿಕೊಡಿ, ಸಾಕು’ ಅಂದಳು. ಗುರುವಾರ ಹೋಗುತ್ತಿದ್ದೇನೆ. ಮಗನಿಗೂ ರಜೆ ಇದೆ, ಬರುತ್ತಾನೆ. ಅವನಿಗೆ ಕತ್ತಿ ಹಿಡಿಯೋದು ಮೇಲಿನ ಮನೆ ಹುಡುಗನಿಗಿಂತ ಕಡೆ.

ಮೇಷ್ಟ್ರೇ, ನಿಮ್ಮ ಪಟ್ಟಿಗೆ ಒಂದು ಸೇರಿಸಿಕೊಳ್ಳಿ. ಅತ್ತೆ ಮುಯ್ಯಾಳು ಅನ್ನಲಿಲ್ಲ. ಕೆಲಸದವರನ್ನು ಲೆಕ್ಕ ಹಾಕುವಾಗ ‘ಮುಯ್ಯಿ ಕೈ’ ಅಂದರು. ‘ನಿಮ್ಮಮ್ಮಂದು ಎರಡು ಮುಯ್ಯಿ ಕೈ ನಮ್ಮಲ್ಲಿ ಇತ್ತು’ ಅಂತ. ಈ ಮಾತು ನಾನು ಬೇರೆ ಯಾರ ಬಾಯಲ್ಲೂ ಕೇಳಿಲ್ಲ. ಅವರ ತವರಿನ ಕಡೆಯ ಮಾತೋ, ಅವರದ್ದೇ ಮಾತೋ, ಗುರುವಾರ ಕೇಳಿ ಬಂದು ಬರೆಯುತ್ತೇನೆ.

ತೀರ್ಥಹಳ್ಳಿ ಮೇಷ್ಟ್ರು

ಬರೆದುಕೊಂಡೆ. ಅವರ ತವರು ಯಾವ ಹೋಬಳಿ ಅಂತಲೂ ಕೇಳಿ ಬನ್ನಿ ತಂಗೀ.